ಟಿವಿಗೆ ಕಟ್ಟಿಹಾಕಿದ ಫೋನು

ಟಿವಿಗೆ ಇಂಟರ್‌ನೆಟ್ ಬಾಕ್ಸು ಕೊಳ್ಳಬೇಕೋ, ಕೈಯಲ್ಲಿರುವ ಫೋನೇ ಸಾಕೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ನೀರು ಕುಡಿಯಲು ಹೋಗುತ್ತೇನೆ. ನಾನು ಹಾಗೆ ಎದ್ದು ಹೋಗುವವಳಲ್ಲ ಎಂಬುದು ಇಡೀ ಶಾಲೆಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ; ವಾದದಲ್ಲಿ ಸೋಲುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಆದರೆ ಈ ಒಂದು ವಾದದಲ್ಲಿ ಒಬ್ಬರಿಗೆ ಸೋತಿದ್ದೇನೆ, ಅದೂ ಬೀದಿಗೆಲ್ಲ ಗೊತ್ತಾಗುವ ಹಾಗೆ. ಗೆದ್ದವರು ಶಿಡ್ಲಘಟ್ಟದಲ್ಲಿ ನಮ್ಮ ಎದುರು ಮನೆಯಲ್ಲಿದ್ದರು. ಮೂರು ತಿಂಗಳ ಹಿಂದೆ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇನಿಷಿಯಲ್ ತಪ್ಪಾಗಿದೆ ಎಂದು ಅಲ್ಲಿಂದಲೇ ತಕರಾರು ತೆಗೆಯುವ ಆಸಾಮಿ. ಊರೆಲ್ಲ ಸಾರ್ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಇಲ್ಲೂ ಅದೇ ಇರಲಿ.

ಸಾರ್ ರೇಷ್ಮೆ ಇಲಾಖೆಯವರು. ಕಾಗದದ ಮೇಲೆ ಅವರ ಹುದ್ದೆ 'ರೇಷ್ಮೆ ಪ್ರದರ್ಶಕರು', ಹಳ್ಳಿಗಳಲ್ಲಿ ಅವರು ಹುಳದ ಡಾಕ್ಟರು. ಹಳೆಯ ಸ್ಕೂಟರಿನಲ್ಲಿ ಪೆರೇಸಂದ್ರದಿಂದ ಹಿಡಿದು ಕೆಂಚಾರ್ಲಹಳ್ಳಿಯವರೆಗೆ ಸುತ್ತಿ, ಹುಳ ಸಾಕುವ ಮನೆಗಳಿಗೆ ಹೊಕ್ಕು, ಸೊಪ್ಪು ಮುಟ್ಟಿ, ತಟ್ಟೆ ಮೂಸಿ, ರೈತರನ್ನು ಬೈದು ಬರುವುದು ಅವರ ಕೆಲಸ. ಹುಳದ ಮನೆಗೆ ಸೋಂಕು ತಾಗಬಾರದೆಂದು ಕೈಕಾಲು ತೊಳೆದೇ ಒಳಗೆ ಹೋಗಬೇಕಲ್ಲ, ಆ ಅಭ್ಯಾಸ ಅವರಿಗೆ ಮೈಗೆ ಹತ್ತಿಬಿಟ್ಟಿತ್ತು. ನಮ್ಮ ಮನೆಗೆ ಮೊದಲ ಸಲ ಕಾಫಿಗೆ ಬಂದಾಗ ಹೊಸ್ತಿಲಲ್ಲೇ ನಿಂತು, "ಟೀಚರಮ್ಮ, ಬ್ಲೀಚಿಂಗ್ ನೀರು ಎಲ್ಲಿಟ್ಟಿದ್ದೀರಿ?" ಎಂದರು. ನಾನು ಗಾಬರಿಯಾಗಿ ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದೆ. "ಆಗೋಕ್ ಮುಂಚೇನೇ ಇಡ್ಬೇಕಮ್ಮ, ಆದ್ಮೇಲೆ ಏನಿಡ್ತೀರಿ" ಎಂದು ಬೈಸಿಕೊಂಡೆ.

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಡುತ್ತದೆ. ತಲೆ ಎತ್ತಿಕೊಂಡು, ಅಲ್ಲಾಡದೆ, ಮೈ ಊದಿಸಿಕೊಂಡು ಒಂದು ದಿನ ಕೂತು ಹಳೆಯ ಚರ್ಮ ಕಳಚಿ ಏಳುತ್ತದೆ. ನಮ್ಮ ಕಡೆ ಇದಕ್ಕೆ ಹುಳ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಸುಮ್ಮನೆ ಬಿಡಬೇಕು. ಒಮ್ಮೆ ನನಗೆ ಡೆಂಗಿಯಾಗಿ ಮಲಗಿದ್ದಾಗ ನೋಡಲು ಬಂದ ಸಾರ್, ಕಿತ್ತಳೆ ಹಣ್ಣಿನ ಚೀಲ ಇಟ್ಟು, ಗಂಭೀರವಾಗಿ "ಎಷ್ಟನೇ ಜ್ವರ?" ಎಂದರು. ನಮ್ಮ ಮನೆಯವರು ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು. ನನಗೆ ನಗುವಷ್ಟೂ ತ್ರಾಣವಿರಲಿಲ್ಲ, ಕೋಪ ಮಾತ್ರ ಬಂತು.

ಅವರು ನಿವೃತ್ತರಾದ ದಿನ ಇಲಾಖೆಯವರು ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ರೈತರು ತಾವೇ ಸೇರಿ ಫೋನು ಕೊಟ್ಟರು. ನಮ್ಮ ಬೀದಿಯಲ್ಲೇ ಅಂಥ ದುಬಾರಿ ಫೋನು ಇನ್ನೊಂದಿರಲಿಲ್ಲ. ಕೊಡುವಾಗ ಕೆಂಚಾರ್ಲಹಳ್ಳಿಯ ರಾಮಕ್ಕ, ಎಂಟು ಬೆಳೆಯಲ್ಲಿ ಏಳು ಬೆಳೆ ತೆಗೆಯುವ ಗಟ್ಟಿಗಿತ್ತಿ, ಮೈಕು ಹಿಡಿದು ಒಂದೇ ಮಾತು ಹೇಳಿದಳಂತೆ: "ಸಾರ್, ಆಫೀಸು ನಿಮ್ಮನ್ನ ಬಿಟ್ಟಿರ್ಬೋದು, ನಾವ್ ಬಿಡಲ್ಲ."

ಆ ಫೋನು ಮೊಳಗುವವರೆಗೆ ತಾವು ನಿವೃತ್ತರಲ್ಲ ಎಂದು ಸಾರ್ ತೀರ್ಮಾನಿಸಿಬಿಟ್ಟಿದ್ದರು. ಅವರಿಗೆ ಬೇಕಾಗಿದ್ದುದು ಅದೊಂದೇ. ರೈತರು ಕೇಳಬೇಕು, ತಾವು ಹೇಳಬೇಕು. ಒಂದು ಬೆಳಗ್ಗೆ ಯಾರೂ ಫೋನ್ ಮಾಡದಿದ್ದರೆ ಹತ್ತು ಗಂಟೆಯ ಹೊತ್ತಿಗೆ ಬೀದಿ ದಾಟಿ ಬಂದು, "ಟೀಚರಮ್ಮ, ಒಂದು ಮಿಸ್ಡ್ ಕಾಲ್ ಕೊಡಿ, ಇದೇನೋ ಕೆಟ್ಟಂಗಿದೆ" ಎನ್ನುತ್ತಿದ್ದರು. ನಾನು ಕೊಡುತ್ತಿದ್ದೆ, ಅದು ಮೊಳಗುತ್ತಿತ್ತು, ಅವರು ಮುಖ ಸಣ್ಣ ಮಾಡಿಕೊಂಡು ವಾಪಸ್ಸು ಹೋಗುತ್ತಿದ್ದರು. ಭಾನುವಾರಗಳಲ್ಲಿ ಹೀಗೆ ಆಗುವುದು ಹೆಚ್ಚು.

ಇನ್ನು ಟಿವಿಯ ವಿಷಯ. ಅವರ ಮನೆಯಲ್ಲಿದ್ದುದು ಹಳೆಯ ಚಪ್ಪಟೆ ಟಿವಿ, ಇಂಟರ್‌ನೆಟ್ಟು ಎಂಬ ಪದವೇ ಅದಕ್ಕೆ ತಿಳಿಯದು. ಕೇಬಲ್ಲಿನವನ ಹತ್ತಿರ ಸಾರ್ ಜಗಳವಾಡಿ ಕನೆಕ್ಷನ್ ಕೀಳಿಸಿದ ಮೇಲೆ ಅವರ ಹೆಂಡತಿಗೆ ಏಳು ಗಂಟೆಯ ಧಾರಾವಾಹಿ ತಪ್ಪಿಹೋಯಿತು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು, ಆದರೆ ಒಂದು ನೋಟಕ್ಕೆ ಸೀರೆಯ ನೂಲು, ತರಕಾರಿಯ ವಯಸ್ಸು, ಎದುರಿಗಿರುವವರ ಸುಳ್ಳು ಮೂರನ್ನೂ ಹೇಳಬಲ್ಲವರು. ಧಾರಾವಾಹಿ ಇಲ್ಲದೆ ಅಕ್ಕ ಮಾತು ಬಿಟ್ಟರು. ಅಂಗೈಯಗಲದ ಒಂದು ಡಬ್ಬಿ ಸಿಗುತ್ತದೆ, ಟಿವಿಯ ಹಿಂದೆ ಸಿಕ್ಕಿಸಿದರೆ ಇಂಟರ್‌ನೆಟ್ಟಿನಿಂದ ಬೇಕಾದ ಸಿನಿಮಾ, ಸೀರಿಯಲ್ಲು ಎಳೆದು ತೋರಿಸುತ್ತದೆ, ತಂದುಬಿಡಿ ಎಂದು ನಾನು ಸಲಹೆ ಕೊಟ್ಟೆ. ಸಾರ್ ತಮ್ಮ ಜೀವಮಾನದ ಮಾತನ್ನೇ ಹೇಳಿದರು.

"ಇರೋದ್ರಲ್ಲೇ ಆಗುತ್ತೆ, ಬಿಡಿ."

ಮಾರನೆಯ ದಿನ ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿ ಒಂದು ವೈರು ತಂದರು. ಒಂದು ತುದಿ ಫೋನಿಗೆ, ಇನ್ನೊಂದು ತುದಿ ಟಿವಿಗೆ. ಫೋನಿನಲ್ಲಿ ಏನು ಕಾಣುತ್ತದೋ ಅದೇ ಟಿವಿಯಲ್ಲಿ. ಸೀರಿಯಲ್ಲು ಬಂತು, ಅಕ್ಕನ ಮಾತೂ ಬಂತು. ಫೋನು ಅರ್ಧ ಗಂಟೆಗೆ ಹಂಚಿನಂತೆ ಕಾಯುತ್ತಿತ್ತು. ಅದಕ್ಕೆ ಸಾರ್ ಇಲಾಖೆಯ ವಿದ್ಯೆ ಪ್ರಯೋಗಿಸಿದರು. ಬೇಸಿಗೆಯಲ್ಲಿ ಹುಳದ ಮನೆಗೆ ಒದ್ದೆ ಗೋಣಿ ಕಟ್ಟಿ ತಂಪು ಮಾಡುವ ಹಾಗೆ, ಸ್ಟೂಲಿನ ಮೇಲೆ ಸ್ಟೀಲಿನ ತಟ್ಟೆ ಮಗುಚಿ, ಕೆಳಗೆ ಒದ್ದೆ ಗೋಣಿಯ ತುಂಡು ಹಾಸಿ, ಅದರ ಮೇಲೆ ಫೋನನ್ನು ಅಂಗಾತ ಮಲಗಿಸಿದರು. ಪಕ್ಕದಲ್ಲಿ ಹುಳದ ಮನೆಯ ಥರ್ಮಾಮೀಟರು. "ಇಪ್ಪತ್ತೈದು ಡಿಗ್ರಿ ಮೀರ್ಬಾರ್ದು" ಎಂದು ನನಗೇ ಎಚ್ಚರಿಕೆ ಕೊಟ್ಟರು, ನಾನೇ ಉಫ್ ಎಂದು ಊದಿ ಬಿಸಿ ಮಾಡುವವಳಂತೆ.

ವಾದ ಶುರುವಾದದ್ದು ಅಲ್ಲಿಂದ. ನಾನು ಹೇಳಿದೆ, ಬಾಕ್ಸು ಮನೆಯಲ್ಲೇ ಇರುತ್ತದೆ, ಫೋನು ನಿಮ್ಮ ಜೊತೆ ಹೊರಗೆ ಹೋಗುತ್ತದೆ, ನೀವು ಹಾಲಿಗೆ ಹೋದರೆ ಅಕ್ಕನ ಸೀರಿಯಲ್ಲೂ ಹಾಲಿಗೆ ಹೋಗುತ್ತದೆ. "ನಾನ್ ಏಳು ಗಂಟೆಗೆ ಯಾವ ಹಾಲಿಗ್ ಹೋಗ್ತೀನಿ?" ಎಂದರು. ಚಾರ್ಜು ಮುಗಿಯುತ್ತದೆ ಎಂದೆ. "ನಿಮ್ ಬಾಕ್ಸೂ ಕರೆಂಟ್ ಹೋದ್ರೆ ಮಲ್ಗುತ್ತೆ" ಎಂದರು. ಬಾಕ್ಸಿಗೆ ರಿಮೋಟು ಇರುತ್ತದೆ ಎಂದೆ. ಎದ್ದು ಹೋಗಿ ಫೋನು ಮುಟ್ಟಿದರೆ ಕೈಕಾಲಿಗೆ ವ್ಯಾಯಾಮ ಎಂದರು. ಕೊನೆಗೆ ಅವರ ದೊಡ್ಡ ಬಾಣ: "ಬಾಕ್ಸು ಅಂದ್ರೆ ಏನು ಟೀಚರಮ್ಮ? ಮಾತು ಬರ್ದೇ ಇರೋ ಫೋನು. ಮಾತಾಡೋದು ಇಟ್ಕೊಂಡು ಮೂಗಂಗೆ ಯಾಕ್ ದುಡ್ಡು ಕೊಡ್ಲಿ?"

ಮಾತಾಡುವುದೇ ತೊಂದರೆ ಎಂದು ನಾನು ಎಷ್ಟು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಸೀರಿಯಲ್ಲಿನ ಹೊತ್ತಿಗಾದರೂ ಕರೆಗಳನ್ನು ಬಂದ್ ಮಾಡಿ ಎಂದರೆ ನಾನೇನೋ ದೇವಸ್ಥಾನದ ಬಾಗಿಲು ಮುಚ್ಚಿ ಎಂದಂತೆ ನೋಡಿದರು. ರೈತರಿಗೂ ಏಳು ಗಂಟೆಯೇ ಅನುಕೂಲ. ಸಂಜೆಯ ಸೊಪ್ಪು ಹಾಕಿ, ಲೈಟು ಹಚ್ಚಿ, ಹುಳ ನೋಡಿ, ಏನಾದರೂ ಅನುಮಾನ ಬಂದರೆ ಸಾರ್‌ಗೆ ವಿಡಿಯೋ ಕರೆ. ಇತ್ತ ಸೀರಿಯಲ್ಲಿನ ಅತ್ತೆ ಸೊಸೆಯ ಬೀರುವಿಗೆ ಕೈ ಹಾಕಿರುತ್ತಿದ್ದಳು, ಅಷ್ಟರಲ್ಲಿ ಟಿವಿಯ ತುಂಬ ಹುಳ. ಒಂದೊಂದೂ ಪಡವಲಕಾಯಿಯ ಗಾತ್ರ. ರೈತರಿಗೆ ಮಾತ್ರ ಅಂಗಾತ ಮಲಗಿದ ಆ ಫೋನಿನಿಂದ ಸಾರ್ ಮನೆಯ ಫ್ಯಾನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಕ್ರಿಕೆಟ್ಟು. ಬೀದಿಯ ಅರ್ಧ ಜನ ಸಾರ್ ಮನೆಯ ನಡುಮನೆಯಲ್ಲಿ. ಪಕ್ಕದ ಮನೆಯ ರೀಲರ್ ಭಾಯಿ, ಅಂದರೆ ಗೂಡು ಕೊಂಡು ನೂಲು ತೆಗೆಯುವ ಕಾರ್ಖಾನೆಯವರು, ಕುರ್ಚಿಯ ತುದಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದರಂತೆ. ಎರಡು ಬಾಲು, ಐದು ರನ್ನು. ಬೌಲರ್ ಓಡಿ ಬಂದ. ಬಂದದ್ದು ಪೆರೇಸಂದ್ರದ ಕರೆ. ಟಿವಿಯಲ್ಲಿ ಚಂದ್ರಿಕೆಯ ತುಂಬ, ಹುಳ ಗೂಡು ಕಟ್ಟುವ ಆ ಬಿದಿರಿನ ತಟ್ಟೆಯ ತುಂಬ, ಹಳದಿ ಗೂಡು. ಅಲ್ಲಿ ಎದ್ದ ಗದ್ದಲ ಕೇಳಿ ನಾನು ಮನೆಯಿಂದ ಓಡಿ ಬಂದೆ. "ಕ್ಯಾ ಸಾರ್, ಎರಡೇ ಬಾಲ್ ಇತ್ತಲ್ಲ!" ಎಂದು ಭಾಯಿ ಕೂಗುತ್ತಿದ್ದರು. ಸಾರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಗೂಡು ಬಿಡಿಸ್ಬೋದಾ ಅಂತ ಕೇಳ್ತಿದ್ದಾನೆ, ಒಂದ್ ನಿಮಿಷ" ಎಂದರು. ಅಷ್ಟರಲ್ಲಿ ಭಾಯಿಯ ಕಣ್ಣು ಪರದೆಗೆ ಅಂಟಿತು. ಕುರ್ಚಿ ಮುಂದಕ್ಕೆಳೆದುಕೊಂಡರು. "ಸಾರ್, ಸ್ವಲ್ಪ ಹತ್ರ ಹಿಡಿಯಕ್ಕೆ ಹೇಳಿ. ಮಾಲು ಗಟ್ಟಿ ಇದೆ. ಯಾವತ್ತು ಮಾರ್ಕೆಟ್ಟಿಗೆ ತರ್ತಾನಂತೆ?" ಮ್ಯಾಚು ಗೆದ್ದವರು ಯಾರು ಎಂದು ಅವರು ಆಮೇಲೆ ಕೇಳಲೂ ಇಲ್ಲ. ಮಿಕ್ಕವರು ಮಾತ್ರ ಒಂದು ವಾರ ಸಾರ್ ಜೊತೆ ಮಾತು ಬಿಟ್ಟರು.

ನನಗೆ ಅಯ್ಯೋ ಅನ್ನಿಸುತ್ತಿದ್ದುದು ಅಕ್ಕನ ಪಾಡು. ದಿನವೂ ಸೀರಿಯಲ್ಲು ಅರ್ಧಕ್ಕೆ ನಿಲ್ಲುವುದು, ದಿನವೂ ಅಕ್ಕ ರೇಗುವುದು. ಅವರ ಬೈಗುಳ ನಮ್ಮ ವರಾಂಡದವರೆಗೆ ಕೇಳಿಸುತ್ತಿತ್ತು. ನಾನೇ ಎದುರಿಗೆ ಕೂತಿದ್ದ ಒಂದು ಸಂಜೆಯದು ಇನ್ನೂ ನೆನಪಿದೆ. ರಾಮಕ್ಕನ ಕರೆ.

"ಥೂ ನಿಮ್ಮ! ಈಗ್ ತಾನೆ ಕಾಗ್ದ ಕೈಗೆ ಸಿಕ್ಕಿತ್ತು ಅವ್ಳಿಗೆ, ಅಷ್ಟ್ರಲ್ಲಿ ಬಂತು ಹಾಳ್ ಹುಳ! ನೋಡ್ರೀ ಅದ್ರ ಚೆಂದಾನ, ಗೆಣ್ಣು ಗೆಣ್ಣೂ ಊದ್ಕೊಂಡು, ಅರಿಶಿಣ ಬಳ್ಕೊಂಡಂಗೆ ಫಳಫಳ ಅಂತಿದೆ! ಒಂದ್ ಕಡೆ ಕೂತ್ಕೊಳಕ್ಕೂ ಬರಲ್ವಾ ಇದಕ್ಕೆ, ತಟ್ಟೆ ಅಂಚೆಲ್ಲ ಅಲೀತಿದೆ, ಮನೆ ಬಿಟ್ಟು ಬಂದವ್ರಂಗೆ!"

ಸಾರ್ ಕುರ್ಚಿಗೆ ಒರಗಿ, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ ಕೂತರು, ಟಿವಿಯ ಕಡೆ ನೋಡುವ ಗೋಜಿಗೂ ಹೋಗಲಿಲ್ಲ. ಆಮೇಲೆ ದೊಡ್ಡ ದನಿಯಲ್ಲಿ ತೀರ್ಪು ಕೊಟ್ಟರು. "ರಾಮಕ್ಕ, ಹಾಲು ರೋಗ. ಅಂಥವನ್ನೆಲ್ಲ ಆರ್ಸಿ ತೆಗಿ. ಒಡೆದ್ರೆ ಹಾಲ್ ಸೋರಿ ಮಿಕ್ಕಿದ್ದಕ್ಕೂ ಅಂಟುತ್ತೆ, ಹುಷಾರು. ಬ್ಲೀಚಿಂಗ್ ನೀರಿಗೆ ಹಾಕಿ ಹೂಳು. ಮೇಲೆ ಸುಣ್ಣದ ಪುಡಿ ಚೆಲ್ಲು."

"ಸರೇ ಸಾರ್" ಎಂದು ಅತ್ತ ರಾಮಕ್ಕ ಕರೆ ಮುಗಿಸಿದಳು. ಸೀರಿಯಲ್ಲು ವಾಪಸ್ಸು ಬಂತು. ನಾನು ಬೆರಗಾಗಿದ್ದೆ. ನೋಡದೆಯೇ ರೋಗ ಹೇಳುವುದೆಂದರೆ! ಬೆರಗಿನ ಹಿಂದೆಯೇ ಸಿಟ್ಟೂ ಬಂತು. ಹೆಂಡತಿ ಅಷ್ಟು ಗೋಳಾಡುತ್ತಿದ್ದರೂ ಈ ಮನುಷ್ಯನಿಗೆ ತನ್ನ ಡಾಕ್ಟರಿಕೆಯೇ ದೊಡ್ಡದಾಯಿತಲ್ಲ ಎಂದು. ಅವತ್ತೇ ನಿರ್ಧರಿಸಿದೆ. ಯುಗಾದಿಗೆ ಅಕ್ಕನಿಗೆ ಸೀರೆ ಕೊಡುವ ಬದಲು ಬಾಕ್ಸನ್ನೇ ಕೊಟ್ಟುಬಿಡುವುದು. ಇದರಲ್ಲಿ ಅಕ್ಕನ ಮೇಲಿನ ಪ್ರೀತಿ ಅರ್ಧ, ಸಾರ್‌ನ ಬಾಯಿ ಮುಚ್ಚಿಸುವ ಚಟ ಅರ್ಧ. ನಿಜ ಹೇಳಬೇಕೆಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ.

ಹಬ್ಬದ ದಿನ ಒಬ್ಬಟ್ಟಿನ ಡಬ್ಬಿಯ ಜೊತೆ ಅದನ್ನೂ ತೆಗೆದುಕೊಂಡು ಹೋದೆ. ನಾನೇ ವೈರು ಕಿತ್ತೆ, ನಾನೇ ಬಾಕ್ಸು ಸಿಕ್ಕಿಸಿದೆ, ನಮ್ಮ ಮನೆಯ ವೈಫೈ ಕೊಟ್ಟೆ. ರಿಮೋಟನ್ನು ಅಕ್ಕನ ಕೈಗಿಟ್ಟು, "ಇನ್ಮೇಲೆ ಹುಳದ ಕಾಟ ಇಲ್ಲ" ಎಂದೆ. ಅಕ್ಕ ರಿಮೋಟನ್ನು ನೋಡಿದರು, ಸಾರ್‌ನ ನೋಡಿದರು, "ಯಾಕಮ್ಮ ಸುಮ್ನೆ ಖರ್ಚು" ಎಂದರು. ಸಂಕೋಚ ಎಂದುಕೊಂಡೆ. ಸಾರ್ ಫೋನನ್ನು ಒರೆಸಿ ಜೇಬಿಗೆ ಹಾಕಿಕೊಂಡು ವರಾಂಡಕ್ಕೆ ಹೋದರು. ಬಾಕ್ಸು ಮೂಗ ಎಂಬ ತಮ್ಮ ಹಳೆಯ ಬಾಣವನ್ನೂ ಬಿಡಲಿಲ್ಲ. ನಾನು ಗೆದ್ದೆ ಎಂದು ಅವತ್ತು ಎರಡು ಒಬ್ಬಟ್ಟು ಜಾಸ್ತಿ ತಿಂದೆ.

ಒಂದು ವಾರ ಸೀರಿಯಲ್ಲು ಒಂದು ಸಲವೂ ನಿಲ್ಲದೆ ಓಡಿತು. ವಿಚಿತ್ರವೆಂದರೆ ಅಕ್ಕ ಅದನ್ನು ನೋಡುತ್ತಲೇ ಇರಲಿಲ್ಲ. ಕಾಫಿ ಕೊಡುವ ನೆವದಲ್ಲಿ ಒಂದು ಸಲ, ಒಣಹಾಕಿದ ಬಟ್ಟೆಯ ನೆವದಲ್ಲಿ ಇನ್ನೊಂದು ಸಲ ವರಾಂಡಕ್ಕೆ ಹೋಗುವುದು, ಸಾರ್ "ಒಳಗ್ ಹೋಗು, ನಿನ್ ಸೀರಿಯಲ್ಲು ಹೋಗುತ್ತೆ" ಎಂದು ಗದರಿಸಿ ಕಳಿಸುವುದು.

ಎಂಟನೆಯ ದಿನ ನಾನೂ ಅವರ ವರಾಂಡದಲ್ಲೇ ಕೂತಿದ್ದೆ. ರಾಮಕ್ಕನ ಕರೆ ಬಂತು. ಸಾರ್ ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ಒರೆಸಿದರು, ಮತ್ತೆ ಹತ್ತಿರ ತಂದರು.

"ತಿಂತಾನೇ ಇಲ್ಲ ಸಾರ್. ಮೈ ಊದಿದೆ" ಎಂದಳು ರಾಮಕ್ಕ. "ನಾಲ್ಕನೇ ಜ್ವರ ಇವತ್ತೋ ನಾಳೆಯೋ ಅನ್ನಂಗಿತ್ತು. ಆದ್ರೂ ಯಾಕೋ ಮನ್ಸು ತಡೀಲಿಲ್ಲ."

ಸಾರ್ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಮೇಲೆ, "ಜ್ವರಕ್ಕೇ ಕೂತಿದೆ. ಮುಟ್ಬೇಡ. ಸೊಪ್ಪು ಹಾಕ್ಬೇಡ. ನಾಳೆ ಎದ್ದೇಳುತ್ತೆ" ಎಂದರು.

ಮಾರನೆಯ ದಿನ ಎದ್ದಿದ್ದು ಹಾಲು ರೋಗ. ಮುಟ್ಟಬೇಡ ಎಂದದ್ದಕ್ಕೆ ರಾಮಕ್ಕ ಮುಟ್ಟಿರಲಿಲ್ಲ; ಒಡೆದ ಹುಳದ ಹಾಲು ಸೋರಿ ಮೂಲೆಯಲ್ಲಿ ತಟ್ಟೆ ಜೋಡಿಸುವ ಸ್ಟ್ಯಾಂಡಿನಲ್ಲಿದ್ದ ಹುಳವೆಲ್ಲ ಹೋಯಿತು. ಅವಳು ಫೋನ್ ಮಾಡಿ ಅದನ್ನು ಹೇಳಿದ್ದೂ ಸಮಾಧಾನ ಮಾಡುವ ದನಿಯಲ್ಲಿ. "ಮಿಕ್ಕಿದ್ದು ಉಳೀತು ಸಾರ್, ನೀವೇನ್ ಬೇಜಾರ್ ಮಾಡ್ಕೋಬೇಡಿ." ಸಾರ್ ಹೂಂ ಎಂದರು. ಫೋನನ್ನು ಆರಿಸಿ, ಬೀರುವಿನಲ್ಲಿ ಅಕ್ಕನ ಮದುವೆ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದರು. ಮೂರು ದಿನ ಅದು ಅಲ್ಲೇ ಇತ್ತು. ಸಾರ್ ಬೀದಿ ದಾಟಿ ಬಂದು ಮಿಸ್ಡ್ ಕಾಲ್ ಕೊಡಿ ಎಂದೂ ಕೇಳಲಿಲ್ಲ.

ನಾಲ್ಕನೆಯ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಅಕ್ಕ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಬಾಕ್ಸು, ಅದಕ್ಕೆ ಸುತ್ತಿದ ವೈರು, ರಿಮೋಟು.

"ತಗೋಮ್ಮ. ನಂಗಿದು ಬೇಡ."

"ಯಾಕಕ್ಕ? ಸೀರಿಯಲ್ಲು ಚೆನ್ನಾಗ್ ಬರ್ತಿಲ್ವಾ?"

"ಚೆನ್ನಾಗೇ ಬರ್ತಿದೆ. ಅದೇ ಬೇಡ ಅಂತಿರೋದು." ಎದುರು ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಅವ್ರಿಗೆ ಕಣ್ಣು ಕಾಣಲ್ಲ ಕಣಮ್ಮ. ಸಕ್ಕರೆ ಕಾಯಿಲೆ ತಿಂದಾಕ್ಬಿಟ್ಟಿದೆ. ಚಿಕ್ಕಬಳ್ಳಾಪುರದ ಡಾಕ್ಟ್ರು, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂದ್ರು. ಓಡಾಡಕ್ಕೆ ಸಾಕು. ಹುಳ ನೋಡಕ್ಕೆ ಸಾಲಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಟಿವೀಲಿ ಅಷ್ಟು ದೊಡ್ಡದಾಗಿ ಬರ್ತಿತ್ತಲ್ಲ..." ಎಂದೆ.

"ಟಿವೀಲೂ ಅವ್ರಿಗೆ ಮಬ್ಬೇ. ಕಾಣ್ತಿದ್ದಿದ್ದು ನಂಗೆ."

"ನೀವು ದಿನಾ ಬೈತಿದ್ರಲ್ಲಕ್ಕ, ಹುಳ ಬಂತು, ಸೀರಿಯಲ್ ಹೋಯ್ತು ಅಂತ?"

ಅಕ್ಕ ನನ್ನನ್ನು ನೋಡಿದ ನೋಟ, ಹತ್ತನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದವರನ್ನು ನಾನು ನೋಡುವ ನೋಟ. "ಬೈತಿದ್ದೆ ಅಂತ ಯಾರ್ ಹೇಳಿದ್ದು? ನಾನ್ ಓದಿ ಹೇಳ್ತಿದ್ದೆ. ಊದಿದ್ರೆ ಊದಿದೆ ಅಂತ, ಹಳ್ದಿಯಿದ್ರೆ ಹಳ್ದಿ ಅಂತ. ಫೋನ್ ಕೊಡ್ರೀ ನಾನ್ ನೋಡ್ತೀನಿ ಅಂದ್ರೆ ಕೊಡ್ತಾರಾ ಅವ್ರು? ಕೊಟ್ರೆ ಕಣ್ಣು ಹೋಗಿದೆ ಅಂತ ಒಪ್ಕೊಂಡಂಗಾಗುತ್ತೆ. ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತು. ನಾವಿಬ್ರೂ ಅದನ್ನ ಆಡ್ಕೊಳಲ್ಲ ಅಷ್ಟೆ. ಸೀರಿಯಲ್ಲೇ ನೆವ ಆಗಿತ್ತು ನಮ್ಗೆ. ನೀನ್ ಬಂದು ಬಾಕ್ಸ್ ಹಾಕ್ಬಿಟ್ಟೆ."

ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕ ಓದಿ ಅರ್ಥ ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿದವಳು ನಾನು. ಕಣ್ಣೆದುರಿನ ಲೆಕ್ಕವನ್ನೇ ಓದದೆ ಉತ್ತರ ಬರೆದಿದ್ದೆ. ಅವತ್ತು ನನಗಾದ ನಾಚಿಕೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ರಾಮಕ್ಕನ ಒಂದು ಸ್ಟ್ಯಾಂಡು ಹುಳ ಸತ್ತದ್ದು ನನ್ನ ಚಟಕ್ಕೆ.

ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಬೀದಿ ದಾಟಿದೆ. ಸಾರ್ ಕತ್ತಲೆಯ ಟಿವಿಯ ಮುಂದೆ ಕೂತಿದ್ದರು. ನಾನು ಹುಟ್ಟಿದ ಮೇಲೆ ಹೇಳಿದ ಸುಳ್ಳುಗಳಲ್ಲೇ ಇದು ದೊಡ್ಡದು: "ಸಾರ್, ನನ್ನ ಬಾಕ್ಸು ಕೆಟ್ಟೋಯ್ತು. ಬಿಸಿಯಾಗಿ ಸುಟ್ಟೇಹೋಯ್ತು. ನೀವ್ ಹೇಳಿದ್ದೇ ಸರಿ. ಫೋನೇ ಸಾಕು."

ಅವರು ತಲೆ ಎತ್ತಿದರು. "ಏನಂದ್ರಿ?"

"ಫೋನೇ ಸಾಕು ಅಂದೆ."

"ಕೇಳಿಸ್ಲಿಲ್ಲ, ಇನ್ನೊಂದ್ಸಲ."

"ನೀವ್ ಗೆದ್ರಿ, ನಾನ್ ಸೋತೆ ಅಂದೆ ಸಾರ್!" ಎಂದು ಕೂಗಿದೆ. ಕೂಗಿದ್ದು ರೀಲರ್ ಭಾಯಿಯ ಮನೆಗೂ ಕೇಳಿಸಿತು. "ಅಕ್ಕಂಗೆ ಸೀರಿಯಲ್ ಟೈಮಾಯ್ತು, ಫೋನ್ ತಗೊಂಡ್ ಬನ್ನಿ ಮತ್ತೆ."

ಸಾರ್ ಎದ್ದ ರೀತಿ ನೋಡಬೇಕಿತ್ತು. ಬೀಗದ ಕೈ ಹುಡುಕಿ ಬೀರು ತೆರೆದರು, ಮದುವೆ ಸೀರೆಯೆಲ್ಲ ನೆಲಕ್ಕೆ. ಅಕ್ಕ ಆಗಲೇ ಗೋಣಿ ಒದ್ದೆ ಮಾಡಿ ತಂದಿದ್ದರು. ಫೋನಿಗೆ ಜೀವ ಬಂದದ್ದೇ ತಡ, ಮೂರು ದಿನದಿಂದ ಬಂದು ನಿಂತಿದ್ದ ಕರೆಗಳೆಲ್ಲ ಸಾಲಾಗಿ ಕಾಣಿಸಿಕೊಂಡವು. ಸಾರ್ ಅವನ್ನು ಒಂದೊಂದಾಗಿ ಅಕ್ಕನ ಕೈಯಲ್ಲಿ ಓದಿಸಿ, ಎಲ್ಲರಿಗೂ ತಾವೇ ತಿರುಗಿ ಕರೆ ಮಾಡಿದರು. ಅವತ್ತು ಸೀರಿಯಲ್ಲು ಬರಲೇ ಇಲ್ಲ.

ಆಮೇಲೆ ಅವರು ಮಾಡಿದ ಮೆರವಣಿಗೆಯನ್ನು ನಾನು ಸಹಿಸಿದ್ದು ಹೇಗೆಂದು ನನಗೇ ಗೊತ್ತು. ಹಾಲಿನ ಅಂಗಡಿಯಲ್ಲಿ, ಇಸ್ತ್ರಿಯವನ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನಮ್ಮ ಹೆಡ್ ಮಾಸ್ಟರ ಹತ್ತಿರ ಕೂಡ, "ಟೀಚರಮ್ಮನ ಬಾಕ್ಸು ಹನ್ನೆರಡೇ ದಿನಕ್ಕೆ ಢಮಾರ್" ಎಂದರು. ನಾನು ತಲೆ ತಗ್ಗಿಸಿ ನಡೆದೆ. ಬಾಕ್ಸನ್ನು ಗೌರಿಬಿದನೂರಿನಲ್ಲಿರುವ ತಂಗಿಗೆ ಕಳಿಸಿದ್ದೆ. ಅಲ್ಲಿ ಅದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ತಂಗಿ ಊರಿಗೆ ಬಂದಾಗ ಟಿವಿಯ ವಿಷಯ ಎತ್ತಕೂಡದು ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ.

ಅದಾದ ಮೇಲೆ ಎರಡು ವರ್ಷ ಸಂಜೆ ಏಳಕ್ಕೆ ಅಕ್ಕ ಬೈದರು, ಸಾರ್ ತೀರ್ಪು ಕೊಟ್ಟರು, ಹುಳ ಬದುಕಿತು. ಅಕ್ಕನ ಬೈಗುಳ ಎಷ್ಟು ಪಳಗಿತೆಂದರೆ ಹುಳದ ಬಣ್ಣ, ನಡೆ, ಹಿಕ್ಕೆ, ಸೊಪ್ಪಿನ ವಯಸ್ಸು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ನಾನೂ ಎದುರಿಗೆ ಕೂತು ಗೊತ್ತಿಲ್ಲದವಳ ಹಾಗೆ, "ನೋಡ್ದೇನೇ ಹೇಳ್ತೀರಲ್ಲ ಸಾರ್!" ಎಂದು ಬೆರಗು ತೋರಿಸುತ್ತಿದ್ದೆ. "ಮೂವತ್ತೈದು ವರ್ಷದ ಅನುಭವ ಟೀಚರಮ್ಮ" ಎನ್ನುತ್ತಿದ್ದರು. ಅಕ್ಕ ಆಗ ಸೀರಿಯಲ್ಲನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

ಒಂದು ಬೆಳಗ್ಗೆ ಹಿತ್ತಲಿನಲ್ಲಿ ಹಲ್ಲುಜ್ಜುತ್ತ ಕೂತವರು ಏಳಲಿಲ್ಲ. ಹೃದಯಾಘಾತ. ಹಳ್ಳಿಗಳಿಂದ ಟೆಂಪೋ ಮಾಡಿಕೊಂಡು ರೈತರು ಬಂದರು. ನಮ್ಮ ಬೀದಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನನಗೆ ಅಳು ಬಂದದ್ದು ಅವತ್ತಲ್ಲ, ಮುಂದಿನ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಮಿಸ್ಡ್ ಕಾಲ್ ಕೇಳಲು ಯಾರೂ ಬೀದಿ ದಾಟಿ ಬರದಿದ್ದಾಗ.

ಹೋದ ವಾರ ಸಂಜೆ ಅಕ್ಕನ ಜೊತೆ ಕೂತಿದ್ದೆ. ಫೋನು ಸ್ಟೂಲಿನ ಮೇಲೇ ಇದೆ, ಟಿವಿಗೆ ಕಟ್ಟೇ ಇದೆ. ಸೀರಿಯಲ್ಲು ನಡೆಯುತ್ತಿತ್ತು, ಇಬ್ಬರೂ ನೋಡುತ್ತಿರಲಿಲ್ಲ. ಇಷ್ಟು ದಿನ ಒಬ್ಬ ರೈತನೂ ಕರೆ ಮಾಡಿರಲಿಲ್ಲ. ಏಳೂಕಾಲಿಗೆ ಫೋನು ಮೊಳಗಿತು, ನಾನೇ ಬಗ್ಗಿ ಒತ್ತಿದೆ. ರಾಮಕ್ಕ. ಟಿವಿಯ ತುಂಬ ಹುಳ.

ಅಕ್ಕ ಬೆಚ್ಚಿ ನೆಟ್ಟಗೆ ಕೂತರು. ಬಾಯಿ ತಂತಾನೇ ಶುರುವಾಯಿತು. "ಥೂ ನಿಮ್ಮ! ಮತ್ ಬಂತು ಹಾಳ್ ಹುಳ! ಮೈಯೆಲ್ಲ ಸೊರಗಿ ಸಪ್ಪಗಾಗಿದೆ ನೋಡ್ರೀ, ಹಿಕ್ಕೆ ನೀರಾಗಿದೆ, ಆ ಸೊಪ್ಪು ನಿನ್ನೆದೋ ಮೊನ್ನೆದೋ, ಬಾಡಿ ಬೆವ್ತಿದೆ..."

ಅಲ್ಲಿಗೆ ನಿಂತರು. ಮುಂದಿನ ಮಾತು ಅವರದಲ್ಲ. ಕಾದರು. ನಾನೂ ಕಾದೆ. ಫೋನಿನ ಆಚೆ ರಾಮಕ್ಕನೂ ಸುಮ್ಮನಿದ್ದಳು.

ಬಹಳ ಹೊತ್ತಾದ ಮೇಲೆ ಅಕ್ಕ ಗಂಟಲು ಸರಿ ಮಾಡಿಕೊಂಡರು. "ರಾಮಕ್ಕ, ಸಪ್ಪೆ ರೋಗ ಇರ್ಬೇಕು. ಆ ಹುಳ ಆರ್ಸಿ ತೆಗಿ. ಒದ್ದೆ ಸೊಪ್ಪು ಹಾಕ್ಬೇಡ. ಕಿಟ್ಕಿ ತೆಗೆದು ಗಾಳಿ ಆಡಕ್ ಬಿಡು. ಸುಣ್ಣ ಚೆಲ್ಲು."

"ಆಗ್ಲೇ ಆರಿಸ್ತಿದ್ದೀನಕ್ಕ" ಎಂದಳು ರಾಮಕ್ಕ.

"ಆಗ್ಲೇನಾ? ನಾನ್ ಈಗ್ ತಾನೆ ಹೇಳಿದ್ದು?"

"ನೀವ್ ಬೈಯಕ್ಕೆ ಶುರು ಮಾಡಿದ್ರಲ್ಲ, ಆಗ್ಲಿಂದ. ಯಾವತ್ತೂ ಹಂಗೇನೇ ಅಕ್ಕ. ನಮ್ಗೆಲ್ಲ ಗೊತ್ತಿತ್ತು. ನಿಮ್ ಬೈಗುಳ ಮುಗ್ಯೋ ಅಷ್ಟ್ರಲ್ಲಿ ಅರ್ಧ ತಟ್ಟೆ ಕ್ಲೀನ್ ಮಾಡಿರ್ತಿದ್ದೆ. ಅವತ್ತೊಂದಿನ ನೀವ್ ಬೈಲಿಲ್ಲ ನೋಡಿ, ಸ್ಟ್ಯಾಂಡ್ ಹೋಯ್ತು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಕೇಳಿದರು: "ಗೊತ್ತಾದ್ಮೇಲೆ ಫೋನ್ ಇಟ್ಬಿಡೋದ್ ತಾನೇ? ಅಷ್ಟೊತ್ತು ಯಾಕೆ ಲೈನಲ್ಲಿ ಇರ್ತಿದ್ರಿ?"

"ಸಾರ್ ಇನ್ನೂ ಹೇಳಿರ್ತಿರ್ಲಿಲ್ವಲ್ಲಕ್ಕ" ಎಂದಳು ರಾಮಕ್ಕ. "ಅವ್ರು ಹೇಳೋವರ್ಗೂ ಹೆಂಗ್ ಇಡೋದು?"